ತಡಿಯಂಡಮೋಳ್ 1,748 ಮೀಟರ್: ಯಾವ ಸಮುದ್ರದಿಂದ?

ಪ್ರಶ್ನೆ: ಕೊಡಗಿನ ತಡಿಯಂಡಮೋಳ್ ಬೆಟ್ಟದ ತುದಿಯಲ್ಲಿ ಜಿಪಿಎಸ್ ನೋಡಿದೆ. ಎಲ್ಲ ಕಡೆ ಬರೆದಿರುವ ಎತ್ತರಕ್ಕಿಂತ ಸುಮಾರು 90 ಮೀಟರ್ ಕಡಿಮೆ ಬಂತು. ಸಮುದ್ರ ಮಟ್ಟ ಅಂದರೆ ಒಂದೇ ಅಲ್ವಾ?
– ಕಕ್ಕಬೆಯ ಓದುಗರು

ಜಿಪಿಎಸ್ ಕೆಟ್ಟಿಲ್ಲ, 1,748 ಮೀಟರ್ ಎಂಬುದೂ ತಪ್ಪಲ್ಲ. ಎರಡೂ ಬೇರೆ ಬೇರೆ ಬುಡದಿಂದ ಅಳೆಯುತ್ತವೆ, ಅಷ್ಟೇ. ನಮ್ಮ ನಕ್ಷೆಗಳ ಎತ್ತರಕ್ಕೆ ಬುಡ ಸರಾಸರಿ ಸಮುದ್ರ ಮಟ್ಟ. ಕಾರವಾರವೂ ಸೇರಿ ಒಂಬತ್ತು ಕಡೆಯ ಉಬ್ಬರವಿಳಿತದ ಅಳತೆಯಿಂದ 1909ರಲ್ಲಿ ಅದನ್ನು ಗೊತ್ತು ಮಾಡಿದರು. ಜಿಪಿಎಸ್ ಮಾತ್ರ ಭೂಮಿಯನ್ನು ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆಯಾದ, ನುಣ್ಣನೆಯ ಗೋಳ ಎಂದುಕೊಂಡು ಲೆಕ್ಕ ಹಾಕುತ್ತದೆ. ಕೆಲವು ಆ್ಯಪ್‌ಗಳು ಅದನ್ನು ತಿದ್ದಿ ತೋರಿಸುತ್ತವೆ, ಕೆಲವು ಹಾಗೇ ಬಿಡುತ್ತವೆ.

ಭೂಮಿಯ ಸೆಳೆತ ಎಲ್ಲ ಕಡೆ ಒಂದೇ ಸಮ ಇಲ್ಲ. ಸೆಳೆತ ಜಾಸ್ತಿ ಇರುವಲ್ಲಿ ನೀರು ಉಬ್ಬಿ ನಿಲ್ಲುತ್ತದೆ, ಕಡಿಮೆ ಇರುವಲ್ಲಿ ತಗ್ಗುತ್ತದೆ. ಶ್ರೀಲಂಕಾದ ದಕ್ಷಿಣಕ್ಕೆ ಸಮುದ್ರ ಆ ನುಣ್ಣನೆಯ ಗೋಳಕ್ಕಿಂತ ಸುಮಾರು 106 ಮೀಟರ್ ಕೆಳಗಿದೆ. ಜಗತ್ತಿನಲ್ಲೇ ದೊಡ್ಡ ತಗ್ಗು ಅದು. ಕೊಡಗು ಅದೇ ತಗ್ಗಿನ ಅಂಚಿನೊಳಗೆ ಬರುತ್ತದೆ. ನಿಮ್ಮ 90 ಮೀಟರ್ ಹೋಗಿದ್ದು ಅಲ್ಲಿಗೆ. ಆದರೆ ನೀರು ಆ ತಗ್ಗಿಗೆ ಹರಿದು ಹೋಗುವುದಿಲ್ಲ. ಸೆಳೆತದ ಲೆಕ್ಕದಲ್ಲಿ ಅದೂ ಸಮತಟ್ಟೇ, ನಾಟಿಗೆ ಮಟ್ಟ ಮಾಡಿದ ಗದ್ದೆಯಲ್ಲಿ ನಿಂತ ನೀರಿನ ಹಾಗೆ. ಈ ಮಟ್ಟಕ್ಕೆ ಜಿಯಾಯ್ಡ್ ಎನ್ನುತ್ತಾರೆ.

ನನಗೆ ಅತಿ ಇಷ್ಟದ ವಿಷಯ ಇಲ್ಲಿಂದ ಮುಂದಿನದು. ನಿಜವಾದ ಸಮುದ್ರ ಈ ಜಿಯಾಯ್ಡ್ ಮೇಲೂ ಸರಿಯಾಗಿ ಕೂರುವುದಿಲ್ಲ. ಗಾಳಿ ಮತ್ತು ನೀರಿನ ಬಿಸಿ ಅದನ್ನು ಒಂದು ಮೀಟರ್‌ನಷ್ಟು ಏರಿಸುತ್ತವೆ, ಇಳಿಸುತ್ತವೆ. ಆ ಸಣ್ಣ ವ್ಯತ್ಯಾಸ ಸಿಕ್ಕಿದರೆ ಸಮುದ್ರದ ಪ್ರವಾಹಗಳೇ ಸಿಕ್ಕಿದಂತೆ. ಭೂಮಿ ತಿರುಗುವುದರಿಂದ ನೀರು ನೇರ ಇಳಿಜಾರಿಗೆ ಹರಿಯದೆ ದಿಬ್ಬದ ಸುತ್ತ ಬಳಸಿ ಹರಿಯುತ್ತದೆ. ನಮ್ಮ ಉತ್ತರಾರ್ಧದಲ್ಲಿ ಎತ್ತರದ ನೀರು ಯಾವಾಗಲೂ ಹರಿವಿನ ಬಲಗಡೆ.

ಹಾಗಾಗಿ ಎರಡು ಅಳತೆ ಬೇಕು. ಒಂದು, ನೀರಿನ ಮೇಲ್ಮೈ ಎಲ್ಲಿದೆ ಎಂಬುದು. 1992ರ ಟೋಪೆಕ್ಸ್/ಪೊಸೈಡನ್ ಉಪಗ್ರಹ 1,336 ಕಿ.ಮೀ. ಮೇಲಿನಿಂದ ರೇಡಾರ್ ಅಲೆ ಬಿಟ್ಟು, ಅದು ವಾಪಸ್ ಬರಲು ಹಿಡಿದ ಸಮಯದಿಂದ ಕೆಲವೇ ಸೆಂಟಿಮೀಟರ್ ನಿಖರತೆಯಲ್ಲಿ ಅಳೆಯಿತು. 2013ರಲ್ಲಿ ಇಸ್ರೋ ಮತ್ತು ಫ್ರಾನ್ಸ್ ಸೇರಿ ಇದೇ ಕೆಲಸಕ್ಕೆ ಸರಳ್ ಉಪಗ್ರಹ ಹಾರಿಸಿದವು. ಇನ್ನೊಂದು, ಜಿಯಾಯ್ಡ್. ಅದನ್ನು ಯುರೋಪಿನ ಗೋಚೆ ಉಪಗ್ರಹ 2009ರಿಂದ 2013ರವರೆಗೆ ತುಂಬಾ ಕೆಳಗೆ ಹಾರಿ ಅಳೆಯಿತು. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಉಳಿಯುವುದೇ ಪ್ರವಾಹದ ಗುರುತು. 2002ರ ಗ್ರೇಸ್ ಜೋಡಿ ಉಪಗ್ರಹಗಳು ನೀರಿನ ತೂಕದ ಬದಲಾವಣೆಯನ್ನೇ ಹಿಡಿದವು. 1993ರಿಂದ ಸಮುದ್ರ ಸರಾಸರಿ 10 ಸೆಂ.ಮೀ. ಏರಿದೆ. ಅದರಲ್ಲಿ ಹಿಮ ಕರಗಿ ಬಂದದ್ದೆಷ್ಟು, ಬಿಸಿಗೆ ನೀರು ಹಿಗ್ಗಿದ್ದೆಷ್ಟು ಎಂದು ಬೇರೆ ಮಾಡಲು ಈ ತೂಕ ಬೇಕೇ ಬೇಕು.

ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಗೆ ನಮ್ಮ ಬಾರಾಪೊಳೆ ನದಿ ಉಕ್ಕಿ ಕೇರಳದ ಮೂಲಕ ಅರಬ್ಬಿ ಸಮುದ್ರ ಸೇರುತ್ತದೆ. ಆಗ ಆ ಕರಾವಳಿಯಲ್ಲಿ ಸಮುದ್ರ ಏರಬೇಕು ಅನಿಸುತ್ತದೆ ಅಲ್ವಾ? ಆದರೆ ಇಳಿಯುತ್ತದೆ. ಮಳೆಗಾಲದಲ್ಲಿ ಅಲ್ಲಿನ ಪ್ರವಾಹ ದಕ್ಷಿಣಕ್ಕೆ. ಬಲಗಡೆ, ಅಂದರೆ ಆಚೆಯ ಸಮುದ್ರ ಎತ್ತರ. ದಡದ ಕಡೆ ತಗ್ಗು. ದಡದ ಬಳಿ ಆಳದ ತಣ್ಣೀರು ಮೇಲೆ ಬರುತ್ತದೆ, ಜೊತೆಗೆ ಪೋಷಕಾಂಶವನ್ನೂ ತರುತ್ತದೆ. ನಮ್ಮ ಸಂತೆಗೆ ಬರುವ ಮತ್ತಿ ಮೀನು ಬೆಳೆಯುವುದು ಈ ನೀರಿನ ಬಲದಿಂದ.