ಯಂತ್ರ ಹೆಬ್ಬೆಟ್ಟು ಒಪ್ಪದಿದ್ದರೆ ಪಡಿತರ ಇಲ್ಲವೇ?

ಪ್ರಶ್ನೆ: ನಮ್ಮ ಅಜ್ಜಿ ಹಳ್ಳಿಯಲ್ಲಿ ಒಬ್ಬರೇ ಇದ್ದಾರೆ. ಆಯುಷ್ಯವಿಡೀ ಅಡಿಕೆ ಸುಲಿದ ಕೈ. ನ್ಯಾಯಬೆಲೆ ಅಂಗಡಿಯ ಯಂತ್ರ ಅವರ ಬೆರಳಚ್ಚನ್ನು ಒಪ್ಪುತ್ತಿಲ್ಲ. ‘ಥಂಬ್ ಬರುತ್ತಿಲ್ಲ, ಮುಂದಿನ ತಿಂಗಳು ನೋಡೋಣ’ ಎಂದು ಬರಿಗೈಯಲ್ಲಿ ಕಳಿಸುತ್ತಾರೆ. ಹೀಗೆ ಪಡಿತರ ನಿರಾಕರಿಸಬಹುದೇ?

ಉತ್ತರ: ನಿರಾಕರಿಸುವಂತಿಲ್ಲ. ಆದರೆ ಇಷ್ಟು ಹೇಳಿ ಕೈತೊಳೆದುಕೊಂಡರೆ ಅಜ್ಜಿಯ ಚೀಲಕ್ಕೆ ಅಕ್ಕಿ ಬೀಳುವುದಿಲ್ಲ. ಯಂತ್ರ ಏಕೆ ಒಪ್ಪುತ್ತಿಲ್ಲ, ಒಪ್ಪದಿದ್ದಾಗ ಅಂಗಡಿಯವರು ಏನು ಮಾಡಬೇಕಿತ್ತು, ಏಕೆ ಮಾಡುತ್ತಿಲ್ಲ ಎಂಬುದೂ ಗೊತ್ತಿರಬೇಕು.

ಬೆರಳಿನ ಗೆರೆಗಳು ಎಲ್ಲಿ ಕವಲೊಡೆಯುತ್ತವೆ, ಎಲ್ಲಿ ಮುಗಿಯುತ್ತವೆ ಎಂಬ ಗುರುತುಗಳನ್ನು ಯಂತ್ರ ಹಿಡಿದು ಆಧಾರ್ ಪ್ರಾಧಿಕಾರದ ಸರ್ವರ್‌ಗೆ ಕಳಿಸುತ್ತದೆ. ಆ ಸರ್ವರ್‌ಗಳಿರುವುದು ಬೆಂಗಳೂರಿನಲ್ಲಿ ಮತ್ತು ಹರಿಯಾಣದ ಮಾನೇಸರ್‌ನಲ್ಲಿ. ನೋಂದಣಿಯ ದಿನ ಪಡೆದ ಅಚ್ಚಿಗೂ ಇಂದಿನ ಅಚ್ಚಿಗೂ ಎಷ್ಟು ಹೋಲಿಕೆ ಇದೆ ಎಂದು ಅಲ್ಲಿ ಅಂಕ ಹಾಕಲಾಗುತ್ತದೆ. ಇಂತಿಷ್ಟು ಅಂಕ ದಾಟಿದರೆ ಪಾಸು, ಇಲ್ಲದಿದ್ದರೆ ನಪಾಸು. ಆ ಗಡಿಯನ್ನು ಮೇಲಕ್ಕೆ ಏರಿಸಿದರೆ ಬೇರೆಯವರ ಹೆಸರಿನಲ್ಲಿ ನುಸುಳುವವರು ಕಡಿಮೆಯಾಗುತ್ತಾರೆ, ನಿಜವಾದ ಹಕ್ಕುದಾರರು ಹೆಚ್ಚು ಸಂಖ್ಯೆಯಲ್ಲಿ ನಪಾಸಾಗುತ್ತಾರೆ. ಇಳಿಸಿದರೆ ಇದರ ತಿರುಗುಮುರುಗು. ಎರಡೂ ಕಡೆ ತಪ್ಪೇ ಆಗದಂತೆ ಗಡಿ ಇಡಲು ಯಾರಿಂದಲೂ ಸಾಧ್ಯವಿಲ್ಲ.

2018ರಲ್ಲಿ ಪ್ರಾಧಿಕಾರವೇ ಸುಪ್ರೀಂ ಕೋರ್ಟಿಗೆ ಹೇಳಿದಂತೆ, ಸರ್ಕಾರಿ ಸೇವೆಗಳಲ್ಲಿ ಆಧಾರ್ ದೃಢೀಕರಣ ಯಶಸ್ವಿಯಾಗುತ್ತಿದ್ದದ್ದು ಶೇ 88ರಷ್ಟು. ಉಳಿದ 12 ಎಲ್ಲರಿಗೂ ಸಮನಾಗಿ ಹಂಚಿಹೋಗಿದ್ದರೆ ‘ಇರಲಿ, ಎಂಟು ಸಲದಲ್ಲಿ ಒಂದು ಸಲ ತಾನೆ’ ಎನ್ನಬಹುದಿತ್ತು. ಹಾಗೆ ಹಂಚುವುದಿಲ್ಲ. ಕಚೇರಿಯಲ್ಲಿ ಕುಳಿತು ಕೆಲಸ ಮಾಡುವವರ ಬೆರಳು ಸಾಮಾನ್ಯವಾಗಿ ಮೊದಲ ಸಲವೇ ಒಪ್ಪಿಗೆಯಾಗುತ್ತದೆ. ಸಿಮೆಂಟು ಕಲಸುವವರು, ಜಲ್ಲಿ ಒಡೆಯುವವರು, ಸೋಪಿನ ನೀರಿನಲ್ಲಿ ಪಾತ್ರೆ ತಿಕ್ಕುವವರು, ಚರ್ಮ ಸಡಿಲವಾದ ವೃದ್ಧರು: ಗೆರೆ ಸವೆಯುವುದು ಇವರದು. ಪಡಿತರ ಯಾರಿಗೆ ಅತ್ಯಗತ್ಯವೋ ಅವರನ್ನೇ ಯಂತ್ರ ಪದೇಪದೇ ನಪಾಸು ಮಾಡುತ್ತದೆ. ಯಾರೂ ಬೇಕೆಂದು ಮಾಡಿದ್ದಲ್ಲ, ನಿಜ. ಆದರೆ ಯಾರ ಮೇಲೆ ಬೀಳುತ್ತದೆ ಎಂದು ಗೊತ್ತಾದ ಮೇಲೂ ಹಾಗೆಯೇ ಬಿಟ್ಟರೆ ಅದನ್ನು ತಾಂತ್ರಿಕ ದೋಷ ಎನ್ನಲು ನನಗೆ ಮನಸ್ಸಿಲ್ಲ.

ಹಿಂದೆಯೂ ಅಕ್ಷರ ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು. ಪಕ್ಕದಲ್ಲಿ ಊರಿನ ಒಬ್ಬ ಸಾಕ್ಷಿ ‘ಇದು ಇವರದೇ’ ಎಂದು ಸಹಿ ಹಾಕುತ್ತಿದ್ದ. ಈಗ ಸಾಲಿನಲ್ಲಿ ನಿಂತ ಅಷ್ಟೂ ಜನರಿಗೆ ಅಜ್ಜಿ ಯಾರೆಂದು ಗೊತ್ತು, ಅಂಗಡಿಯವರಿಗೂ ಗೊತ್ತು. ಬೆರಳನ್ನು ಸೆರಗಿನಲ್ಲಿ ಒರೆಸಿ, ಉಗುರುಬೆಚ್ಚಗೆ ಊದಿ, ಹತ್ತೂ ಬೆರಳು ಒತ್ತಿದರೂ ಕೆಂಪು ದೀಪವೇ ಹತ್ತಿದರೆ ಆ ಗೊತ್ತಿಗೆ ಬೆಲೆಯಿಲ್ಲ.

ಇನ್ನು ನಿಯಮದ ಮಾತು. 2016ರ ಆಧಾರ್ ಕಾಯ್ದೆಯ 7ನೇ ಕಲಂ, ಆಧಾರ್ ಸಂಖ್ಯೆ ಇನ್ನೂ ಸಿಗದವರಿಗೆ ಬೇರೆ ಗುರುತಿನ ಆಧಾರದಲ್ಲಿ ಸೌಲಭ್ಯ ಕೊಡಬೇಕು ಎನ್ನುತ್ತದೆ. ಸಂಖ್ಯೆ ಇದ್ದೂ ಬೆರಳು ಕೈಕೊಟ್ಟವರ ವಿಚಾರ ಅಲ್ಲಿಲ್ಲ. ಆ ಕಂದಕಕ್ಕೆ ಎಷ್ಟೋ ಜನ ಬಿದ್ದ ಮೇಲೆ ಮಣ್ಣು ಹಾಕಲಾಯಿತು. 2017ರ ಸೆಪ್ಟೆಂಬರ್‌ನಲ್ಲಿ ಜಾರ್ಖಂಡದ ಸಿಮ್ಡೇಗಾ ಜಿಲ್ಲೆಯಲ್ಲಿ 11 ವರ್ಷದ ಹುಡುಗಿಯೊಬ್ಬಳು ಸತ್ತಳು. ಆಧಾರ್ ಜೋಡಣೆಯಾಗಿಲ್ಲವೆಂದು ಪಡಿತರ ಚೀಟಿ ರದ್ದಾಗಿತ್ತು, ಮಗಳು ಹಸಿವಿನಿಂದ ಸತ್ತಳು ಎಂದು ತಾಯಿ ಹೇಳಿದರು. ಮಲೇರಿಯಾ ಎಂದು ಆಡಳಿತ ಹೇಳಿತು. ಮುಂದಿನ ತಿಂಗಳು, ಅಕ್ಟೋಬರ್ 24ರಂದು, ಆಧಾರ್ ಪ್ರಾಧಿಕಾರ ಸುತ್ತೋಲೆ ಹೊರಡಿಸಿತು: ಬೆರಳಚ್ಚು ಹೊಂದದಿದ್ದರೂ ನೆಟ್‌ವರ್ಕ್ ಇಲ್ಲದಿದ್ದರೂ ಪಡಿತರ ತಡೆಯಬಾರದು. ಕಣ್ಣಿನ ಪಾಪೆ, ಮೊಬೈಲ್‌ಗೆ ಬರುವ ಒಟಿಪಿಯಂಥ ದಾರಿ ನೋಡಬೇಕು. ಯಾವುದೂ ಆಗದಿದ್ದರೆ ಆಧಾರ್ ಚೀಟಿ ನೋಡಿ ಧಾನ್ಯ ಕೊಟ್ಟು, ವಿನಾಯಿತಿ ಪುಸ್ತಕದಲ್ಲಿ ಬರೆದಿಡಬೇಕು. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬಹುಮತದಿಂದ ಆಧಾರ್ ಕಾಯ್ದೆಯನ್ನು ಎತ್ತಿಹಿಡಿಯಿತಾದರೂ, ದೃಢೀಕರಣ ವಿಫಲವಾಯಿತೆಂದು ಅರ್ಹರಿಗೆ ಸೌಲಭ್ಯ ತಪ್ಪುವುದಿಲ್ಲ ಎಂಬ ಅಟಾರ್ನಿ ಜನರಲ್ ಅವರ ಮಾತನ್ನು ದಾಖಲಿಸಿಕೊಂಡಿತು. ಅಂದಹಾಗೆ, ಆ ಪ್ರಕರಣದ ಮೊದಲ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅರ್ಜಿ ಹಾಕಿದಾಗ ಅವರೂ ಎಂಬತ್ತು ದಾಟಿದ ಹಿರಿಯರೇ.

ಇಷ್ಟೆಲ್ಲ ಇದ್ದೂ ಅಜ್ಜಿ ಬರಿಗೈಯಲ್ಲಿ ಬರುವುದೇಕೆ? ಅಂಗಡಿಯವರನ್ನು ಏಕಾಏಕಿ ದೂರಬೇಡಿ. ಯಂತ್ರದಲ್ಲಿ ದಾಖಲಾಗದ ಪ್ರತಿ ಕಿಲೋ ಅವರ ದಾಸ್ತಾನಿನಲ್ಲಿ ಉಳಿದಂತೆ ತೋರುತ್ತದೆ, ಅದಕ್ಕೆ ಆಹಾರ ನಿರೀಕ್ಷಕರಿಗೆ ಲೆಕ್ಕ ಕೊಡಬೇಕಾದವರು ಅವರೇ. ಪುಸ್ತಕದಲ್ಲಿ ಬರೆದು ಕೊಟ್ಟವರನ್ನು ಇಲಾಖೆ ಅನುಮಾನದಿಂದ ನೋಡುತ್ತದೆ, ಬರೆಯದೆ ಹಿಂದೆ ಕಳಿಸಿದವರನ್ನು ಕೇಳುವವರಿಲ್ಲ. ಹಾಗಾಗಿ ಕಳಿಸುವುದೇ ಸುಲಭ. ಅಷ್ಟು ಬಿಗಿ ಮಾಡಿದ್ದಕ್ಕೆ ಕಳ್ಳತನ ನಿಂತಿತೇ ಎಂದರೆ, ತಕ್ಕಡಿಗೆ ಜೋಡಿಸದ ಬೆರಳಚ್ಚು ಯಂತ್ರಕ್ಕೆ ತೂಕ ಕಾಣುವುದಿಲ್ಲ. 5 ಕಿಲೋಗೆ ಬೆರಳು ಒತ್ತಿಸಿಕೊಂಡು ನಾಲ್ಕೂವರೆ ತೂಗಿದರೆ ಅದರ ಕಡತದಲ್ಲಿ ಐದೇ.

ಎಲ್ಲ ಅಂಗಡಿಯವರೂ ಸಾಚಾ ಎಂದೂ ಹೇಳುತ್ತಿಲ್ಲ. ಬೆರಳು ಒಪ್ಪಿಗೆಯಾಗಿದ್ದರೂ ‘ಆಗಲಿಲ್ಲ’ ಎಂದು ಹೇಳಿ ಧಾನ್ಯ ಉಳಿಸಿಕೊಳ್ಳುವವರಿದ್ದಾರೆ. ಹಾಗಾಗಿ ಮೊದಲು ರಾಜ್ಯದ ಆಹಾರ ಇಲಾಖೆಯ ಜಾಲತಾಣದಲ್ಲಿ ಅಜ್ಜಿಯ ಪಡಿತರ ಚೀಟಿ ಸಂಖ್ಯೆ ಹಾಕಿ, ಆ ತಿಂಗಳುಗಳಲ್ಲಿ ಪಡಿತರ ಪಡೆದಂತೆ ದಾಖಲಾಗಿದೆಯೇ ನೋಡಿ. ದಾಖಲಾಗಿದ್ದರೆ ಅದು ಬೆರಳಿನ ಸಮಸ್ಯೆಯಲ್ಲ, ಮೋಸ.

ದಾಖಲಾಗಿಲ್ಲ ಎಂದಾದರೆ ಆಧಾರ್ ಕೇಂದ್ರಕ್ಕೆ ಕರೆದೊಯ್ದು ಬೆರಳಚ್ಚು ಮತ್ತು ಕಣ್ಣಿನ ಪಾಪೆಯ ಗುರುತನ್ನು ಹೊಸದಾಗಿ ಕೊಡಿಸಿ, ಮೊಬೈಲ್ ಸಂಖ್ಯೆಯನ್ನೂ ಸೇರಿಸಿ. ಆಗ ಒಟಿಪಿಯ ದಾರಿ ತೆರೆದಿರುತ್ತದೆ. ಅಜ್ಜಿಯ ಬಳಿ ಫೋನ್ ಇಲ್ಲದಿದ್ದರೆ ಯಾರ ಸಂಖ್ಯೆ ಸೇರಿಸುತ್ತೀರಿ ಎಂಬುದನ್ನು ಯೋಚಿಸಿ ಸೇರಿಸಿ, ಆಮೇಲೆ ಅವರ ಎಲ್ಲ ಒಟಿಪಿಗಳೂ ಅಲ್ಲಿಗೇ ಹೋಗುತ್ತವೆ. ಒಂದು ವೇಳೆ ಇ-ಕೆವೈಸಿ (ಆಧಾರ್ ಮೂಲಕ ಗುರುತಿನ ಪರಿಶೀಲನೆ) ಆಗಿಲ್ಲವೆಂದು ಚೀಟಿಯಿಂದ ಹೆಸರೇ ಹೋಗಿದ್ದರೆ ಅಂಗಡಿಯವರು ಏನೂ ಮಾಡಲಾರರು, ತಾಲ್ಲೂಕು ಕಚೇರಿಯ ಆಹಾರ ಶಾಖೆಗೇ ಹೋಗಬೇಕು.

ಮುಂದಿನ ಸಲವೂ ಯಂತ್ರ ಒಪ್ಪದಿದ್ದರೆ ‘ವಿನಾಯಿತಿ ಪುಸ್ತಕದಲ್ಲಿ ಬರೆದು ಕೊಡಿ’ ಎಂದು ಕೇಳಿ. ಕೊಡದಿದ್ದರೆ ಜಗಳ ಬೇಡ, 1967ಕ್ಕೆ ಕರೆ ಮಾಡಿ ದೂರು ದಾಖಲಿಸಿ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ಕುಂದುಕೊರತೆ ನಿವಾರಣಾ ಅಧಿಕಾರಿ ಇರಬೇಕು, ಅವರ ಮೇಲೆ ರಾಜ್ಯ ಆಹಾರ ಆಯೋಗವಿದೆ. ಅದೇ ಕಾಯ್ದೆಯ 8ನೇ ಕಲಂ, ಧಾನ್ಯ ಪೂರೈಸದಿದ್ದರೆ ಹಕ್ಕುದಾರರಿಗೆ ಆಹಾರ ಭದ್ರತಾ ಭತ್ಯೆಯನ್ನು ಹಣದ ರೂಪದಲ್ಲಿ ಕೊಡಬೇಕು ಎನ್ನುತ್ತದೆ. ಕೇಳುವವರು ಕಡಿಮೆ, ಏಕೆಂದರೆ ಇಂಥದೊಂದು ಇದೆಯೆಂದು ಯಾವ ಅಂಗಡಿಯ ಫಲಕದಲ್ಲೂ ನಾನು ಓದಿಲ್ಲ. ಅರ್ಜಿಯಲ್ಲಿ ಚೀಟಿ ಸಂಖ್ಯೆ, ಅಂಗಡಿಗೆ ಹೋದ ದಿನಾಂಕಗಳು, ಯಂತ್ರ ತೋರಿಸಿದ ಸಂದೇಶ ಮತ್ತು ಪುಸ್ತಕದಲ್ಲಿ ಬರೆಯಲು ಒಪ್ಪಲಿಲ್ಲ ಎಂಬುದನ್ನು ಬರೆಯಿರಿ, ತಪ್ಪಿದ ತಿಂಗಳುಗಳ ಭತ್ಯೆಯನ್ನೂ ಕೇಳಿ. ಸ್ವೀಕೃತಿ ಪಡೆಯದೆ ಕಚೇರಿಯಿಂದ ಏಳಬೇಡಿ.