ಊಟಕ್ಕೆ ಮುಂಚಿನ ಎರಡು ಲೋಟ ನೀರು

ಬೆಳಗಿನ ಬಿಸಿನೀರು ಕೊಬ್ಬು ಕರಗಿಸುತ್ತದೆ ಎನ್ನುವವರ ಲೆಕ್ಕ ಮೊದಲು ನೋಡಿಬಿಡೋಣ. 25 ಡಿಗ್ರಿಯ ಅರ್ಧ ಲೀಟರ್ ನೀರನ್ನು ಮೈಬಿಸಿಗೆ, ಅಂದರೆ 37 ಡಿಗ್ರಿಗೆ ತರಲು ಬೇಕಾದ ಶಾಖ ಬರೀ 6 ಕಿಲೋಕ್ಯಾಲೊರಿ. ಕಾಯಿಸಿ ಕುಡಿದರೆ ಆ ಆರೂ ಒಲೆಯ ಖಾತೆಗೆ. ಮೇಲೊಂದು ಚಮಚ ಜೇನು ಬೆರೆಸಿದರೆ ಸುಮಾರು 20 ಕಿಲೋಕ್ಯಾಲೊರಿ ಒಳಗೇ ಬಂತು!

ಆದರೂ ವಯಸ್ಸಾದವರ ತೂಕ ಇಳಿಸಲು ನೀರು ನೆರವಾಗುವುದು ನಿಜ, ಬೇರೆ ದಾರಿಯಲ್ಲಿ. ಅಮೆರಿಕದ ವರ್ಜೀನಿಯಾ ಟೆಕ್ ಸಂಶೋಧಕರು 55ರಿಂದ 75 ವಯಸ್ಸಿನ, ತೂಕ ಹೆಚ್ಚಿದ್ದ 48 ಮಂದಿಗೆ 12 ವಾರ ಮಿತ ಆಹಾರದ ಪಥ್ಯ ಕೊಟ್ಟರು. ಒಂದು ಗುಂಪಿನವರು ಮೂರೂ ಹೊತ್ತಿನ ಊಟಕ್ಕೆ ಮುಂಚೆ ಅರ್ಧ ಲೀಟರ್ ನೀರು ಕುಡಿಯಬೇಕಿತ್ತು. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅವರು ಉಳಿದವರಿಗಿಂತ ಸುಮಾರು 2 ಕಿಲೋ ಹೆಚ್ಚು ಇಳಿದಿದ್ದರು. ಅದಕ್ಕೂ ಮುಂಚಿನ ಪ್ರಯೋಗವೊಂದರಲ್ಲಿ ಕುತೂಹಲದ ಸಂಗತಿ ಕಂಡಿತ್ತು: ಊಟಕ್ಕೆ ಮುಂಚಿನ ನೀರಿನಿಂದ ಹಿರಿಯರ ಊಟ ಕಡಿಮೆಯಾಯಿತು, ಯುವಕರದು ಆಗಲಿಲ್ಲ. ವಯಸ್ಸಾದಂತೆ ಹೊಟ್ಟೆ ಖಾಲಿಯಾಗುವುದು ನಿಧಾನ, ತುಂಬಿದ ಭಾವ ತಟ್ಟೆಯ ಮುಂದೆ ಕೂರುವವರೆಗೂ ಉಳಿಯುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ.

ಮಾಡುವ ಕ್ರಮ ಸರಳ. ನಿಮ್ಮ ಮನೆಯ ಲೋಟಕ್ಕೆ ಎಷ್ಟು ಹಿಡಿಸುತ್ತದೆಂದು ಒಮ್ಮೆ ಅಳೆದಿಡಿ. 250 ಮಿಲಿಯದಾದರೆ ಎರಡು. ಊಟಕ್ಕೆ ಅರ್ಧ ಗಂಟೆ ಮುಂಚೆ, ಹತ್ತು ನಿಮಿಷದಲ್ಲಿ ನಿಧಾನವಾಗಿ ಕುಡಿಯಿರಿ. ಮೊದಲ ವಾರ ಒಂದೇ ಲೋಟ ಸಾಕು. ಬಹಳ ಮಂದಿ ಎಡವುವುದು ರಾತ್ರಿಯ ಸರದಿಯಲ್ಲಿ. ಒಂಬತ್ತಕ್ಕೆ ಊಟ ಮಾಡುವವರು ಎಂಟೂವರೆಗೆ ಎರಡು ಲೋಟ ಕುಡಿದರೆ ನಡುರಾತ್ರಿ ಬಚ್ಚಲಿಗೆ ಏಳಬೇಕು, ಕತ್ತಲಲ್ಲಿ ಜಾರಿ ಬಿದ್ದರೆ ಸೊಂಟದ ಮೂಳೆಯೇ ಮುರಿಯಬಹುದು. ಊಟವನ್ನು ಏಳೂವರೆಗೆ ತನ್ನಿ, ಆಗದಿದ್ದರೆ ರಾತ್ರಿಯದನ್ನು ಬಿಟ್ಟುಬಿಡಿ. ಇನ್ನು, ಎರಡೆರಡು ಚಮಚ ಸಕ್ಕರೆಯ ನಾಲ್ಕು ಕಾಫಿ ಎಂದರೆ ಸಕ್ಕರೆಯಿಂದಲೇ ಸುಮಾರು 160 ಕಿಲೋಕ್ಯಾಲೊರಿ. ಅವುಗಳಲ್ಲಿ ಎರಡರ ಜಾಗಕ್ಕೆ ನೀರು ಬಂದರೂ ಲಾಭವೇ.

ತೂಕ ನೋಡುವುದು ಬೆಳಿಗ್ಗೆ ಶೌಚ ಮುಗಿಸಿ, ಕಾಫಿಗೆ ಮುಂಚೆ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ, ಹಾಗಾಗಿ ದಿನದಿನದ ಏರಿಳಿತಕ್ಕೆ ಅರ್ಥವಿಲ್ಲ. ಊಟ ಕಡಿಮೆಯಾದಾಗ ಅನ್ನ ಬಿಡಿ, ಬೇಳೆ, ಮೊಸರು, ಮೊಟ್ಟೆ ಬಿಡಬೇಡಿ. ಪ್ರೋಟೀನ್ ಸಾಲದೆ ಹೋದರೆ ಕೊಬ್ಬಿನ ಜೊತೆ ಸ್ನಾಯುವೂ ಇಳಿಯುತ್ತದೆ, ಈ ವಯಸ್ಸಿನಲ್ಲಿ ಅದನ್ನು ಮರಳಿ ಕಟ್ಟುವುದು ಕಷ್ಟ.

ಇದೇ ಉಪಾಯ ಸೊರಗಿದ ಹಿರಿಯರಿಗೆ ಕೇಡು. ಪ್ರಯತ್ನವಿಲ್ಲದೆ ಆರು ತಿಂಗಳಲ್ಲಿ 60 ಕಿಲೋದವರು 57ಕ್ಕೆ ಇಳಿದಿದ್ದರೆ ವೈದ್ಯರಿಗೆ ತೋರಿಸಬೇಕು. ಅಂಥವರು ನೀರನ್ನು ಊಟವಾದ ಮೇಲೆ, ನಡುನಡುವೆ ಕುಡಿಯಲಿ. ಕುಡಿಯದೆ ಇರುವಂತೆಯೂ ಇಲ್ಲ, ಏಕೆಂದರೆ ವಯಸ್ಸಿನ ಜೊತೆ ಬಾಯಾರಿಕೆಯೂ ಮಂಕಾಗುತ್ತದೆ. 1984ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 24 ಗಂಟೆ ನೀರಿಲ್ಲದೆ ಇದ್ದರೂ 67–75ರ ಗಂಡಸರಿಗೆ ಯುವಕರಷ್ಟು ದಾಹವಾಗಲಿಲ್ಲ, ನೀರು ಕೊಟ್ಟಾಗ ಕುಡಿದದ್ದೂ ಕಡಿಮೆ. ಯುರೋಪಿನ ಪೌಷ್ಟಿಕತಾ ತಜ್ಞರ ಮಾರ್ಗಸೂಚಿ ಹಿರಿಯ ಹೆಂಗಸರಿಗೆ ದಿನಕ್ಕೆ ಕನಿಷ್ಠ 1.6 ಲೀಟರ್, ಗಂಡಸರಿಗೆ 2 ಲೀಟರ್ ಪಾನೀಯ ಹೇಳುತ್ತದೆ. ಕಾಫಿ, ಮಜ್ಜಿಗೆ ಎಲ್ಲ ಸೇರಿ. ರಾಯಚೂರಿನ ಏಪ್ರಿಲ್‌ಗೆ ಅದು ಸಾಲದು. ಮೈಯಲ್ಲಿ ನೀರು ಕಡಿಮೆಯಾಗಿದೆಯೇ ಎಂದು ಚರ್ಮ ಚಿವುಟಿ ನೋಡುವ ಪರೀಕ್ಷೆಯನ್ನು ಈ ವಯಸ್ಸಿನಲ್ಲಿ ನಂಬಬೇಡಿ, ಸುಕ್ಕು ಅದನ್ನು ಕೆಡಿಸುತ್ತದೆ.

ಹೃದಯ ವೈಫಲ್ಯ, ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ನೀರಿನ ಅಳತೆ ವೈದ್ಯರೇ ಹೇಳಬೇಕು. ಬಿ.ಪಿ.ಗೆ ಕ್ಲೋರ್‌ಥ್ಯಾಲಿಡೋನ್‌ನಂಥ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ಅತಿಯಾಗಿ ನೀರು ಕುಡಿದರೆ ರಕ್ತದ ಸೋಡಿಯಂ ಕುಸಿಯಬಹುದು: ವಾಕರಿಕೆ, ತೂರಾಡುವ ನಡಿಗೆ, ಗೊಂದಲದ ಮಾತು. ಮನೆಯವರು ಇದನ್ನು ಅರಳು-ಮರಳು ಎಂದುಕೊಂಡು ಸುಮ್ಮನಾಗುತ್ತಾರೆ. ಹಾಗೆಯೇ ಹೃದ್ರೋಗಿಯ ತೂಕ ಮೂರು ದಿನದಲ್ಲಿ 2 ಕಿಲೋ ಏರಿ ಪಾದ ಊದಿದರೆ ಅದು ಕೊಬ್ಬಲ್ಲ, ನಿಂತ ನೀರು. ಅವತ್ತೇ ಆಸ್ಪತ್ರೆಗೆ ಹೋಗಬೇಕು.