ಜಾರಲೂ ಬೇಕು, ಜಾರಲೂಬಾರದು

ಓಸ್ಲೋದಲ್ಲಿ ಮೆಟ್ರೋ ಹತ್ತಿ ಫ್ರೋಗ್ನರ್‌ಸೇಟರೆನ್ ಅನ್ನೋ ಕೊನೆಯ ನಿಲ್ದಾಣದಲ್ಲಿ ಇಳಿದರೆ ಅಲ್ಲೇ ಕಾಡು, ಅಲ್ಲೇ ಸ್ಕೀ ದಾರಿ. ನನ್ನ ಮೊದಲ ಚಳಿಗಾಲ ಅದು. ಮೈನಸ್ 2 ಡಿಗ್ರಿ ಇತ್ತು, ನಾನು ಸ್ಕೀಗೆ ಬಳಿದಿದ್ದು ಹಸಿರು ಮೇಣ. ಏರು ಬಂದ ಕೂಡಲೇ ಹೆಜ್ಜೆ ಮುಂದಿಟ್ಟಷ್ಟೂ ಹಿಂದಕ್ಕೇ ಜಾರತೊಡಗಿದೆ. ಪಕ್ಕದಲ್ಲಿ ಐದಾರು ವರ್ಷದ ಮಕ್ಕಳು ಹಾಯಾಗಿ ಹತ್ತಿ ಹೋಗುತ್ತಿದ್ದರು.

ಏರು, ಇಳಿಜಾರು ಎರಡನ್ನೂ ಸ್ವಂತ ಬಲದಲ್ಲೇ ಸಾಗುವ ಕ್ರಾಸ್ ಕಂಟ್ರಿ ಸ್ಕೀಯ ತಲೆನೋವೇ ಇದು. ಒಂದೇ ಹಲಗೆ ಮುಂದಕ್ಕೆ ಜಾರಬೇಕು, ಒದ್ದಾಗ ಹಿಂದಕ್ಕೆ ಜಾರಬಾರದು. ಅದಕ್ಕೇ ಸ್ಕೀಯನ್ನು ಬಿಲ್ಲಿನ ಹಾಗೆ ನಡುವೆ ಸ್ವಲ್ಪ ಮೇಲಕ್ಕೆ ಬಾಗಿಸಿರುತ್ತಾರೆ. ಎರಡೂ ಕಾಲಿನ ಮೇಲೆ ಭಾರ ಹಂಚಿ ಜಾರುವಾಗ ಆ ನಡುಭಾಗ ಹಿಮಕ್ಕೆ ಅಷ್ಟಾಗಿ ಒತ್ತುವುದಿಲ್ಲ, ಇಡೀ ಮೈಭಾರ ಒಂದೇ ಕಾಲಿಗೆ ಹಾಕಿ ಒದ್ದಾಗ ಬಗ್ಗಿ ಗಟ್ಟಿಯಾಗಿ ಒತ್ತುತ್ತದೆ. ಹಿಡಿತದ ಮೇಣ ಹಚ್ಚುವುದು ಅಲ್ಲಿಗೆ ಮಾತ್ರ.

ಹಿಡಿತ ಬರುವುದು ಮೇಣದ ಅಂಟಿನಿಂದ ಅಂತ ಅಂದುಕೊಂಡಿದ್ದೆ. ಪೂರ್ತಿ ಹಾಗಲ್ಲ. ಒದ್ದ ಕ್ಷಣದಲ್ಲಿ ಹಿಮದ ಹರಳುಗಳ ಚೂಪು ತುದಿ ಮೇಣದೊಳಗೆ ಚುಚ್ಚಿಕೊಳ್ಳುತ್ತದೆ, ಕಾಲೆತ್ತಿ ಜಾರಿಸಿದಾಗ ಬಿಟ್ಟುಕೊಳ್ಳುತ್ತದೆ. ಹೊಸದಾಗಿ ಬಿದ್ದ ತಣ್ಣನೆಯ ಹಿಮದ ಹರಳು ಗಟ್ಟಿ, ಚೂಪು, ಹಾಗಾಗಿ ಅದಕ್ಕೆ ಗಟ್ಟಿ ಮೇಣ. ಚಳಿ ಕಡಿಮೆಯಾದಂತೆ ಹರಳು ಮೊಂಡಾಗುತ್ತದೆ, ಮೆತ್ತನೆಯ ಮೇಣ ಬೇಕು. ಬಣ್ಣಗಳ ಲೆಕ್ಕವೂ ಇಷ್ಟೇ: ಹಸಿರು ಕಡುಚಳಿಗೆ, ಆಮೇಲೆ ನೀಲಿ, ನೇರಳೆ, ಸೊನ್ನೆಯ ಆಸುಪಾಸಿಗೆ ಕೆಂಪು. ನಾರ್ವೆಯಲ್ಲಿ ಹೆಚ್ಚು ಜನರ ಜೇಬಿನಲ್ಲಿರುವ ಸ್ವಿಕ್ಸ್ ಕಂಪನಿಯ ಬ್ಲೂ ಎಕ್ಸ್‌ಟ್ರಾ ಮೇಣ ಹೊಸ ಹಿಮದಲ್ಲಿ ಮೈನಸ್ 1ರಿಂದ ಮೈನಸ್ 7ರವರೆಗೆ ನಡೆಯುತ್ತದೆ.

ತೆಳುವಾಗಿ ಹಚ್ಚಿ, ಬಿರಡೆಯ (ಕಾರ್ಕ್) ತುಂಡಿನಿಂದ ಉಜ್ಜಿ, ಮತ್ತೆ ಹಚ್ಚಬೇಕು. ಮೂರ್ನಾಲ್ಕು ಪದರ ಸಾಕು. ಹಿಡಿತ ಸಾಲದಿದ್ದರೆ ಗಟ್ಟಿಯ ಮೇಲೆ ಮೆತ್ತನೆಯದನ್ನು ಬಳಿಯಬಹುದು, ಮೆತ್ತನೆಯದರ ಮೇಲೆ ಗಟ್ಟಿಯದು ಕೂರುವುದಿಲ್ಲ.

ಕರಗಿ ಮತ್ತೆ ಹೆಪ್ಪುಗಟ್ಟಿದ ಹಿಮಕ್ಕೆ ಇದ್ಯಾವುದೂ ಆಗದು. ಚುಚ್ಚಲು ಅಲ್ಲಿ ಚೂಪು ತುದಿಗಳೇ ಉಳಿದಿರುವುದಿಲ್ಲ. ಅದಕ್ಕೆ ಟ್ಯೂಬಿನಲ್ಲಿ ಬರುವ ಕ್ಲಿಸ್ಟರ್. ನಮ್ಮ ಮಲೆನಾಡಿನವರಿಗೆ ಇದನ್ನು ವಿವರಿಸುವುದು ಸುಲಭ: ಥೇಟ್ ಹಲಸಿನ ಮೇಣ! ಕೈಗೆ, ಜಾಕೆಟ್ಟಿಗೆ, ಬ್ಯಾಗಿಗೆ ಎಲ್ಲಕ್ಕೂ ಅಂಟುತ್ತದೆ. ಕ್ಯಾಂಡಲ್ಲಿನದೂ ಹಲಸಿನದೂ ಎರಡೂ ನಮಗೆ ಮೇಣವೇ ಅಲ್ವಾ, ಸ್ಕೀಯವರಿಗೂ ಎರಡೂ ಬೇಕು.

ಸ್ಕೀಯ ತುದಿ ಮತ್ತು ಬಾಲಕ್ಕೆ ಬೇರೆ ಮೇಣ, ಜಾರುವುದಕ್ಕೆ. ಅದನ್ನು ಇಸ್ತ್ರಿಯಿಂದ ಕರಗಿಸಿ ಹಚ್ಚಿ, ಕೆರೆದು, ಬ್ರಷ್ ಮಾಡುತ್ತಾರೆ. ಮೊದಲು ಇದಕ್ಕೆ ಫ್ಲೋರಿನ್ ಸಂಯುಕ್ತ ಬೆರೆಸುತ್ತಿದ್ದರು, ನೀರನ್ನು ಚೆನ್ನಾಗಿ ದೂಡುತ್ತದೆ ಅಂತ. ಆದರೆ ಅದು ಮಣ್ಣಿನಲ್ಲಿ ಕೊಳೆಯದೆ ಉಳಿದು, ಮನುಷ್ಯರ ರಕ್ತಕ್ಕೂ ಸೇರುತ್ತದೆ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 2023-24ರಿಂದ ಸ್ಪರ್ಧೆಗಳಲ್ಲಿ ಅದನ್ನು ನಿಷೇಧಿಸಿತು. ಒಳ್ಳೆಯದೇ ಆಯಿತು.

ಬೆಟ್ಟ ಹತ್ತುವ ಬ್ಯಾಕ್‌ಕಂಟ್ರಿ ಸ್ಕೀಯವರು ಕಡಿದಾದ ಏರಿಗೆ ಮೇಣ ನಂಬುವುದಿಲ್ಲ, ಒಂದೇ ದಿಕ್ಕಿಗೆ ಕೂದಲಿರುವ ಪಟ್ಟಿಯನ್ನು ಅಡಿಗೆ ಅಂಟಿಸಿಕೊಳ್ಳುತ್ತಾರೆ. ಆ ಪಟ್ಟಿ ಒದ್ದೆಯಾಗಿ ಹಿಮ ಮೆತ್ತಿಕೊಂಡರೆ ಅದಕ್ಕೂ ಮೇಣ ತಿಕ್ಕಬೇಕು, ತಪ್ಪಿಸಿಕೊಳ್ಳುವ ಹಾಗಿಲ್ಲ.

ಅಂದು ನಾನು ಹಸಿರಿನ ಮೇಲೆ ನೀಲಿ ಬಳಿದೆ, ಅದೂ ಸಾಲದೆಂದು ಕೆಂಪು. ಸ್ಕೀ ಹಿಡಿಯಿತು. ಮರದ ನೆರಳಿನೊಳಗೆ, ಚಳಿ ಜಾಸ್ತಿ ಇದ್ದ ಕಡೆಗೆ ಹೋಗುತ್ತಿದ್ದಂತೆ ಎಷ್ಟು ಹಿಡಿಯಿತೆಂದರೆ ಅಡಿಯಲ್ಲಿ ಹಿಮ ಉಂಡೆ ಕಟ್ಟಿ, ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡವನ ಹಾಗೆ ನಡೆದೇ ವಾಪಸ್ ಬಂದೆ.